ಕೊರಗಪ್ಪನ ಕಿರುಬೆರಳು

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದೆಂದು ನನ್ನ ಅತ್ತೆ ಹೇಳುತ್ತಿದ್ದರು. ನನ್ನ ಗಂಡನ ಹೆಸರು ಕೊರಗಪ್ಪ. ಹೆಸರು ಹೇಳಿದರೆ ಏನೂ ಆಗುವುದಿಲ್ಲ. ಹೇಳಬೇಕಾದ ಮಾತನ್ನು ನುಂಗಿಕೊಂಡು ಕೂತರೆ ಆಗುತ್ತದೆ. ಐವತ್ತಾರನೇ ಇಸವಿಯಲ್ಲಿ, ಗ್ರಾಂಟ್ ರೋಡಿನ ಚಾಳಿನ ಒಂದು ಕೋಣೆಯಲ್ಲಿ ನನಗೆ ಇದು ಗೊತ್ತಾಯಿತು.

ಇವರು ಚಾಳಿನ ಕೆಳಗಿದ್ದ ಮೋನಪ್ಪ ಶೆಟ್ಟರ ಹೊಟೇಲಿನಲ್ಲಿ ದೋಸೆ ಹಾಕುತ್ತಿದ್ದರು. ಕಾವಲಿಯ ಮುಂದೆ ಇವರು ನಿಂತರೆ ಗಿರಾಕಿಗಳು ದೋಸೆಯನ್ನು ಬಿಟ್ಟು ಕೈಯನ್ನೇ ನೋಡುತ್ತಿದ್ದರು. ಮಳೆಗಾಲದಲ್ಲಿ ಆ ಬಲಗೈಯ ಕಿರುಬೆರಳೂ ಅದರ ಪಕ್ಕದ ಬೆರಳೂ ಮರಗಟ್ಟತೊಡಗಿದವು. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, "ದೋಸೆ ಹಾಕುವವನ ಕೈಗೆ ಎಂತ ಬಿಸಿ" ಎಂದು ಜಂಬ ಬೇರೆ ಕೊಚ್ಚಿಕೊಳ್ಳುತ್ತಿದ್ದರು. ಬೆರಳಿನ ಗುಳ್ಳೆ ನನ್ನ ಕಣ್ಣಿಗೆ ಬಿದ್ದ ಮೇಲೆ ಜಂಬ ಇಳಿಯಿತು. ದೀಪಾವಳಿಯ ಹೊತ್ತಿಗೆ ಎರಡೂ ಬೆರಳು ಒಳಕ್ಕೆ ಬಾಗಿ, ಸಟ್ಟುಗ ಜಾರಿ ಬೀಳುತ್ತಿತ್ತು.

ಮಗಳನ್ನು ಎತ್ತಿಕೊಳ್ಳುವುದನ್ನು ಇವರು ಬಿಟ್ಟದ್ದೂ ಆಗಲೇ. ಸೇವಂತಿಗೆ ಮೊದಲ ಹಲ್ಲು ಬಂದಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುವವಳು. ಅವಳು ಅಂಬೆಗಾಲಿಟ್ಟು ಹತ್ತಿರ ಹೋದರೆ ಅಪ್ಪ ಗೋಡೆಗೆ ಸರಿಯುವರು. ಬಟ್ಟಲು, ಚೊಂಬು ಬೇರೆಯಾದವು. ಚಾಪೆ ಬಾಗಿಲ ಬಳಿಗೆ ಹೋಯಿತು. ನಾನೇನು ದಡ್ಡಿಯೇ? ಬೆರಳು ಮರಗಟ್ಟಿ, ಬಾಗಿ, ಸುಟ್ಟರೂ ತಿಳಿಯದಂತಾದರೆ ಊರಲ್ಲಿ ಅದನ್ನು ದೊಡ್ಡ ರೋಗ ಎನ್ನುತ್ತಾರೆ. ಕುಷ್ಠ ಎಂಬ ಮಾತನ್ನು ಯಾರೂ ಬಾಯಿಗೆ ತರುವುದಿಲ್ಲ. ಹೊಟೇಲಿನಲ್ಲಿ ಒಬ್ಬನಿಗೆ ಸಂಶಯ ಬಂದರೂ ಸಾಕಿತ್ತು, ಇವರ ಕೈಯ ದೋಸೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ನಮ್ಮ ಬೀದಿಯಲ್ಲೇ ಮೈಸೂರು ಕಡೆಯ ಡಾಕ್ಟರ್ ನಂಜುಂಡಯ್ಯನವರ ದವಾಖಾನೆ ಇತ್ತು. ಇವರನ್ನು ಅಲ್ಲಿಗೆ ಎಳೆದುಕೊಂಡು ಹೋದೆ. ಡಾಕ್ಟರು ಕಿರುಬೆರಳಿಗೆ ಗುಂಡುಸೂಜಿ ಚುಚ್ಚಿದರು. ಇವರಿಗೆ ತಿಳಿಯಲೇ ಇಲ್ಲ.

"ಈ ಕೈಗೆ ಹಿಂದೆ ಯಾವಾಗ್ಲಾದ್ರೂ ಏಟು ಬಿದ್ದಿತ್ತಾ? ಮೂಳೆಗೀಳೆ ಮುರಿದಿತ್ತಾ?"

"ಇಲ್ಲ" ಎಂದರು ಇವರು, ನೆಲ ನೋಡುತ್ತ. ಉದ್ದ ತೋಳಿನ ಅಂಗಿಯನ್ನು ಮಡಿಸಲೂ ಇಲ್ಲ. ಹೊರಗೆ ಜನ ಕಾಯುತ್ತಿದ್ದರು; ಡಾಕ್ಟರೂ ಮಡಿಸಿ ಎನ್ನಲಿಲ್ಲ.

"ಒಂದ್ಸಲ ವಡಾಲದ ಆಸ್ಪತ್ರೆಗೆ ತೋರಿಸ್ಕೊಂಡು ಬನ್ನಿ. ಸಂಶಯ ಅಷ್ಟೆ."

ವಡಾಲದ ಆಸ್ಪತ್ರೆಯೆಂದರೆ ದೊಡ್ಡ ರೋಗದವರ ಆಸ್ಪತ್ರೆ. ಇವರು ಮನೆಗೆ ಬಂದು, "ಸೋಮವಾರ ನಾನು ವಡಾಲಕ್ಕೆ ಹೋಗ್ತೇನೆ. ನೀನು ಮಗುವನ್ನು ತೆಕ್ಕೊಂಡು ಊರಿಗೆ ಹೋಗು" ಎಂದರು.

"ಎಲ್ಲಿಗೆ ಹೋಗುವುದಿದ್ರೂ ಮೊದಲು ಎಣ್ಣೆಸ್ನಾನ ಆಗ್ಲಿ" ಎಂದೆ. ಅಂದು ಶನಿವಾರ.

"ಮುಟ್ಬೇಡ ರಾಜೀವಿ."

"ಮುಟ್ಟದೆ ಎಣ್ಣೆ ಹಚ್ಚುವ ವಿದ್ಯೆ ನನಗೆ ಬರುವುದಿಲ್ಲ."

ಇವರ ಬಲ ಮೊಣಕೈ ಸ್ವಲ್ಪ ಸೊಟ್ಟ. ಹುಟ್ಟುವಾಗಲೇ ಹಾಗೆಂದು ಮದುವೆಯಾದ ಹೊಸದರಲ್ಲಿ ಹೇಳಿದ್ದರು, ನಾನೂ ನಂಬಿದ್ದೆ. ಅಂದು ಸಿಟ್ಟಿನಲ್ಲಿ ಜೋರಾಗಿ ತಿಕ್ಕುತ್ತಿದ್ದಾಗ ಹೆಬ್ಬೆರಳು ಮೊಣಕೈಯ ಹಿಂದೆ ಹಗ್ಗದಂಥ ಏನಕ್ಕೋ ತಾಗಿತು. ಇವರು ಕೂತಲ್ಲೇ ಹಾರಿಬಿದ್ದರು.

"ಕಿರುಬೆರಳಿಗೆ ಕರೆಂಟು ಹೊಡೆದ ಹಾಗಾಯ್ತು."

"ಸೂಜಿ ತಿಳಿಯದ ಬೆರಳಿಗೆ ಕರೆಂಟು ಹೇಗೆ ತಿಳೀತು? ರೋಗ ಬೆರಳಲ್ಲಿಲ್ಲ, ಇಲ್ಲಿ ಉಂಟು. ಈ ಮೊಣಕೈಗೆ ಎಂತ ಆಗಿತ್ತು? ನಿಜ ಹೇಳಿ."

ಆಮೇಲೆ ಬಾಯಿಬಿಟ್ಟರು. ಹುಡುಗನಾಗಿದ್ದಾಗ ನಾಗಬನದೊಳಗಿನ ಮಾವಿನ ಮರ ಹತ್ತಿದ್ದರಂತೆ. ನಾಗನಿಗೆ ಬಿಟ್ಟ ಆ ಬನದಲ್ಲಿ ನಮ್ಮವರು ಒಂದು ಎಲೆಯನ್ನೂ ಕೀಳುವುದಿಲ್ಲ. ಇವರು ಕಾಯಿಗೆ ಕೈಚಾಚಿದವರು ಜಾರಿ, ನಾಗನ ಕಲ್ಲಿನ ಮೇಲೆಯೇ ಬಿದ್ದರು. ಬಾವಿಕಟ್ಟೆಯಲ್ಲಿ ಜಾರಿದೆನೆಂದು ತಾಯಿಗೆ ಸುಳ್ಳು ಹೇಳಿದರು. ನಾಟಿವೈದ್ಯ ಬಿದಿರಿನ ದಬ್ಬೆ ಕಟ್ಟಿದ. ಮೂಳೆ ಸೊಟ್ಟಗೆ ಕೂಡಿತು. ನಾಗ ಮುನಿದರೆ ದೊಡ್ಡ ರೋಗ ಬರುತ್ತದೆಂಬುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಬೆರಳು ಮರಗಟ್ಟಿದ ದಿನದಿಂದ ಇವರು ಅದನ್ನೇ ಎಣಿಸಿ ಒಳಗೊಳಗೇ ಬೇಯುತ್ತಿದ್ದರು.

"ನಾಗನಿಗೆ ಬೇರೆ ಕೆಲಸ ಇಲ್ವಾ?" ಎಂದೆ. "ಒಂದು ಮಾವಿನಕಾಯಿಗಾಗಿ ಇಷ್ಟು ವರ್ಷ ಕಾದು, ಹಡಗು ಹತ್ತಿ, ಗ್ರಾಂಟ್ ರೋಡಿಗೆ ಬರ್ಲಿಕ್ಕೆ? ಅವನಿಗೆ ಹಾಲೆರೆದು ತಂಬಿಲ ನಾನು ಕೊಡಿಸ್ತೇನೆ. ಡಾಕ್ಟರಿಗೆ ಮೊಣಕೈ ನೀವು ತೋರ್ಸಿ."

ಈ ಸಲ ಅಂಗಿಯ ತೋಳನ್ನು ನಾನೇ ಮಡಿಸಿದೆ. ನಂಜುಂಡಯ್ಯನವರು ಮೊಣಕೈಯನ್ನು ಮುಟ್ಟಿ, ಬಗ್ಗಿಸಿ, ಮತ್ತೆ ಮುಟ್ಟಿ ನೋಡಿದರು. "ಅವತ್ತೇ ಅಂಗಿ ತೋಳು ಮಡಿಸಿ ನೋಡ್ಬೇಕಾಗಿತ್ತು. ನನ್ನದೂ ತಪ್ಪೇ ಕಣಮ್ಮ" ಎಂದರು. ತಾವೇ ಟ್ಯಾಕ್ಸಿ ಮಾಡಿ ದೊಡ್ಡಾಸ್ಪತ್ರೆಯ ಮೂಳೆ ಸರ್ಜನರ ಹತ್ತಿರ ಕರೆದುಕೊಂಡು ಹೋದರು. ಎಕ್ಸ್-ರೇ ತೆಗೆದರು. ಸರ್ಜನರು ಮರಾಠಿಯಲ್ಲಿ ಹೇಳಿದ್ದನ್ನು ನಮ್ಮ ಡಾಕ್ಟರು ಬಿಡಿಸಿ ಹೇಳಿದರು.

"ಇದು ಆ ರೋಗ ಅಲ್ಲ. ಮೂಳೆ ಸೊಟ್ಟಗೆ ಕೂಡಿದೆ, ಮೊಣಕೈ ಹಿಂದಿನ ನರ ಅದರ ಮೇಲೆ ಎಳೆದು ಎಳೆದು ಸವೆದಿದೆ. ದಿನವಿಡೀ ದೋಸೆ ಹಾಕೋ ಕೈ ಬೇರೆ. ಆಪರೇಷನ್ ಮಾಡಿ ಆ ನರಾನ ಮುಂದಕ್ಕೆ ತಂದು ಕೂರಿಸ್ತಾರೆ. ಇನ್ನು ಹೆಚ್ಚಾಗೋದಿಲ್ಲ. ಬೆರಳಿಗೆ ಸ್ಪರ್ಶ ಬರಬಹುದು, ತಿಂಗಳುಗಟ್ಟಲೆ ಹಿಡಿಯುತ್ತೆ. ಬಂದೇ ಬರುತ್ತೆ ಅಂತ ಅವರು ಮಾತು ಕೊಡೋದಿಲ್ಲ."

"ಮಾತು ನಾನು ಕೊಡ್ತೇನೆ" ಎಂದೆ. ಸರ್ಜನರಿಗೆ ಕನ್ನಡ ಬಾರದಿದ್ದರೂ ನಕ್ಕರು.

ಆಪರೇಷನ್ ಸಲೀಸಾಗಿ ಆಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಶೆಟ್ಟರು ಇವರನ್ನು ಚಟ್ನಿ ಬಡಿಸಲು ಹಾಕಿಕೊಂಡರು. ನಾನು ದಿನಾ ಎಣ್ಣೆ ಹಚ್ಚಿ ಆ ಎರಡು ಬೆರಳನ್ನು ನೀವಿ ನೆಟ್ಟಗೆ ಮಾಡುತ್ತಿದ್ದೆ. ಪಕ್ಕದ ಬೆರಳು ಸ್ವಲ್ಪ ಸ್ವಲ್ಪವೇ ಎಚ್ಚರವಾಯಿತು. ಕಿರುಬೆರಳು ಮಾತ್ರ ಹಾಗೆಯೇ ಇತ್ತು. ಆ ರೋಗವಲ್ಲವೆಂದು ಇಬ್ಬರು ಡಾಕ್ಟರು ಹೇಳಿದರೂ ಚಾಪೆ ಬಾಗಿಲು ಬಿಟ್ಟು ಬರಲಿಲ್ಲ.

"ಕಿರುಬೆರಳು ಏಳ್ಲಿ. ಮತ್ತೆ ಮಗುವನ್ನು ಎತ್ತಿಕೊಳ್ತೇನೆ" ಎನ್ನುವರು. ಇವರಿಗೆ ಸರ್ಜನರ ಮಾತು ಸಾಲದು, ನಾಗ ಕ್ಷಮಿಸಿದನೆಂದು ಆ ಬೆರಳೇ ಹೇಳಬೇಕು. ನಾನು ಬೈದೆ, ಅತ್ತೂ ನೋಡಿದೆ, ಎರಡು ದಿನ ಮಾತು ಬಿಟ್ಟೆ. ಮಾವಿನ ಕಾಲ ಬಂತು, ಹೋಯಿತು.

ಮಳೆ ಹಿಡಿದ ಒಂದು ಬೆಳಿಗ್ಗೆ ಇವರು ಹೊಟೇಲಿನಿಂದ ಮಗಳಿಗೆ ದೋಸೆ ತಂದರು. ಎಂದಿನಂತೆ ತಟ್ಟೆಯನ್ನು ದೂರದಿಂದಲೇ ತಳ್ಳಿ, ಬಾಗಿಲ ಬಳಿ ಗೋಡೆಗೆ ಒರಗಿ ಕೂತರು. ಸೇವಂತಿ ಆಗ ನಡೆಯುತ್ತಿದ್ದಳು. ಬಾಯಿ ತುಂಬ ಹಲ್ಲು. ದೋಸೆಯ ಕಡೆ ತಿರುಗಿಯೂ ನೋಡದೆ ನೇರ ಅಪ್ಪನ ಹತ್ತಿರ ಹೋದಳು. ಹಿಂದೆ ಸರಿಯಲು ಇವರಿಗೆ ಜಾಗವಿರಲಿಲ್ಲ. ಎರಡೂ ಕೈಯಲ್ಲಿ ಅಪ್ಪನ ಬಲಗೈ ಹಿಡಿದು ಕಿರುಬೆರಳನ್ನು ಕಚ್ಚಿದಳು.

ಇವರು ಅಮ್ಮಾ ಎಂದು ಕಿರುಚಿದ್ದು ಚಾಳಿಗೆಲ್ಲ ಕೇಳಿಸಿತು. ಪಕ್ಕದ ಕೋಣೆಯ ಧಾರವಾಡದ ಚನ್ನವ್ವ ರೊಟ್ಟಿಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಏನಾತವ್ವಾ?"

"ಕಚ್ಚಿದ್ಲು" ಎಂದರು ಇವರು. ಕಣ್ಣಿಂದ ನೀರು ಇಳಿಯುತ್ತಿತ್ತು. "ನೋವಾಯ್ತು ರಾಜೀವಿ. ತುಂಬಾ ನೋವಾಯ್ತು."

"ಕೂಸು ಕಚ್ಚಿದ್ರ ಗಂಡಸ್ರು ಅಳ್ತಾರೇನವ್ವಾ?" ಚನ್ನವ್ವ ನನ್ನ ಮುಖ ನೋಡಿದಳು.

ಆ ಬೆರಳು ಇವತ್ತಿಗೂ ಪೂರ್ತಿ ನೆಟ್ಟಗಾಗಿಲ್ಲ. ಆದರೂ ಕಾವಲಿಯ ಮುಂದೆ ಇವರೇ ನಿಲ್ಲುತ್ತಾರೆ. ಅಂದು ಮಾತ್ರ ಇವರು ಹೊಟೇಲಿಗೆ ಮರಳಿ ಹೋಗಲಿಲ್ಲ. ಮಗಳನ್ನು ಬಲಗೈಯಲ್ಲೇ ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಹಲ್ಲಿನ ಗುರುತು ಬಿದ್ದ ಕಿರುಬೆರಳನ್ನು ಮತ್ತೆ ಅವಳ ಬಾಯಿಯ ಮುಂದೆ ಹಿಡಿದರು.

"ಇನ್ನೊಮ್ಮೆ ಕಚ್ಚು ಮಗಾ" ಎಂದರು.