ಅರ್ಧ ಮುದ್ದೆ

ಬಸುರಿ ಓರಗಿತ್ತಿ ಸಿಂಚನಳ ತಟ್ಟೆಗೆ ಅತ್ತೆ ಗಂಗಲಕ್ಷ್ಮಮ್ಮ ಎರಡನೇ ಮೊಟ್ಟೆ ಇಟ್ಟಾಗ, ಹಿಟ್ಟು ತಿರುವುತ್ತಿದ್ದ ಮಮತಳ ಕೈ ಒಂದು ಗಳಿಗೆ ನಿಂತಿತು.

ಒಂಬತ್ತು ವರ್ಷದ ಹಿಂದೆ ಸೂಲಿಬೆಲೆಯ ಇದೇ ಮನೆಯಲ್ಲಿ ಮಮತ ಬಸುರಿ. "ಜಾಸ್ತಿ ತಿಂದ್ರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಕಣಮ್ಮ" ಎಂದು ಇದೇ ಅತ್ತೆ ಏಳನೇ ತಿಂಗಳಿಂದ ಅವಳನ್ನು ಅರ್ಧ ಮುದ್ದೆಗೆ ಇಳಿಸಿದ್ದರು. ಮೊಟ್ಟೆ ಉಷ್ಣ ಅಂತ ಬೇಡ, ಮೊಸರು ಶೀತ ಅಂತ ಬೇಡ. ಕೊಟ್ಟಿಗೆಯಲ್ಲಿದ್ದ ಗಬ್ಬದ ಹಸುವಿಗೆ ಮಾತ್ರ ಹಿಂಡಿ ಬೂಸಾ ಧಾರಾಳ. ಮಗಳು ಹರ್ಷಿತ ಹುಟ್ಟಿದಾಗ ಎರಡು ಕೇಜಿಯೂ ತೂಗಲಿಲ್ಲ. ತಿನ್ನದಿದ್ದರೆ ಹಾಗೇ ಆಗುವುದು ಎಂದು ನರ್ಸು ಬಿಡಿಸಿ ಹೇಳಿದ್ದು ಆಮೇಲೆ.

ಈಗ ಆಶಾ ಕಾರ್ಯಕರ್ತೆ ಅಕ್ಷತ ಮೂರು ಸಲ ಬಂದು ಕೂತು ಹೇಳಿ, ಅತ್ತೆಗೆ ಬುದ್ಧಿ ಬಂದಿತ್ತು. ಮಮತಳ ಹೊಟ್ಟೆ ಉರಿಸಿದ್ದೇ ಅದು. ಬುದ್ಧಿ ಬರದೇ ಇದ್ದಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ.

"ಅಕ್ಕ, ಈ ಐರನ್ ಮಾತ್ರೆ ನುಂಗಿದ್ರೆ ವಾಕರಿಕೆ ಬರುತ್ತೆ" ಎಂದಳು ಸಿಂಚನ ಹಿತ್ತಲಲ್ಲಿ.

"ವಾಕರಿಕೆ ಬಿಡು. ಮಗು ಕಪ್ಪಗೆ ಹುಟ್ಟುತ್ತಂತೆ."

ಸುಳ್ಳೆಂದು ಗೊತ್ತಿದ್ದೂ ಮಮತ ಅಂದುಬಿಟ್ಟಳು.

ತಿಂಗಳಾದ ಮೇಲೆ ಅಕ್ಷತ ರಕ್ತಪರೀಕ್ಷೆಯ ಚೀಟಿ ತಂದಳು. "ರಕ್ತದ ಅಂಶ ಹತ್ತು ಇತ್ತು, ಎಂಟಕ್ಕೆ ಇಳಿದಿದೆ. ಹೀಗಾದ್ರೆ ಹೆರಿಗೇಲಿ ಜೀವಕ್ಕೇ ಕಷ್ಟ. ಮಾತ್ರೆ ತಗೋತಿದ್ದೀಯಾ?"

"ತಗೋತಿದ್ದೀನಿ" ಎಂದಳು ಸಿಂಚನ, ನೆಲ ನೋಡುತ್ತಾ. ಮಮತಳ ಹೆಸರೆತ್ತಲಿಲ್ಲ.

ಸಂಜೆ ಮಮತ ಸಗಣಿ ಹಾಕಲು ಹೋದರೆ, ತಿಪ್ಪೆಯಲ್ಲಿ ಕೆಂಪು ಮಾತ್ರೆಗಳು ನೆಂದು ಬಣ್ಣ ಬಿಟ್ಟಿದ್ದವು. ಮಮತ ಕೈ ತೊಳೆದು, ನಿಂಬೆಹಣ್ಣು ಹಿಂಡಿದ ನೀರು, ಒಂದು ಮಾತ್ರೆ ಹಿಡಿದು ಬಂದಳು.

"ಕಪ್ಪಗಾಗೋದು ಮಗು ಅಲ್ಲ ಕಣೆ, ಕಕ್ಕಸು. ನಾನು ಹೇಳಿದ್ದು ಸುಳ್ಳು. ನುಂಗು."

ಸಿಂಚನ ನಗಲು ಹೋಗಿ ತಡೆದುಕೊಂಡಳು. "ಮತ್ತೆ ಯಾಕಕ್ಕ ಹಂಗಂದೆ?"

"ನಿನ್ನ ತಟ್ಟೆ ನೋಡಕ್ಕಾಗ್ಲಿಲ್ಲ. ನಂಗೆ ಅರ್ಧ ಮುದ್ದೆ ಹಾಕಿದ್ರು."

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಊಟಕ್ಕೆ ಕೂತಾಗ ಮಮತಳ ತಟ್ಟೆಗೂ ಒಂದು ಮೊಟ್ಟೆ ಬಿತ್ತು.

"ನಾನೇನು ಬಸುರಿಯಾ ಅತ್ತೆ?"

"ಆಗ ಕೊಡ್ಲಿಲ್ವಲ್ಲವ್ವ. ತಿನ್ನು."

ಮಮತ ಅರ್ಧ ಮುರಿದು ಹರ್ಷಿತಳ ತಟ್ಟೆಗೆ ಇಟ್ಟಳು. ಕಣ್ಣು ಮಾತ್ರ ತಾನಾಗಿ ಓರಗಿತ್ತಿಯ ತಟ್ಟೆಯತ್ತ ಹೊರಳಿತು. ಅಲ್ಲಿ ಎರಡಿದ್ದವು. ಹೊಟ್ಟೆ ಇನ್ನೂ ಉರಿಯಿತು.

"ಎರಡನ್ನೂ ತಿನ್ನಬೇಕು ಕಣೆ" ಎಂದಳು ಮಮತ, ಸ್ವಲ್ಪ ಜೋರಾಗಿಯೇ.