ಹೊಲಿದ ಕಿಸೆ

ನೋಡ್ರಲೇ, ಕಿಸೆ ಹೊಲಿಸ್ಕೊಂಡ ಗಂಡ್ಸನ್ನ ನೋಡ್ರಿ, ತಂಬಾಕಿನ ಚಟ ಬಿಡೋ ದಮ್ ಇಲ್ಲಂತ ಅಕ್ಕನ ಸೂಜಿಗೆ ಶರಣ ಹೋಗ್ಯಾನ ನಮ್ಮ ದೇವ್ಯಾ — ಕೂಲಿಗೆ ಆಳು ಒಯ್ಯುವ ಮುಕಾದಮ ಗುರಣ್ಣನ ಮಾತಿಗೆ ಪುಣೆಯ ಸ್ವಾರಗೇಟಿನ ಕೂಲಿ ನಾಕಾದಲ್ಲಿ ನಿಂತ ಮಂದಿಯೆಲ್ಲ ನಕ್ಕರು, ಹೆಂಗಸರೂ ಸೆರಗು ಬಾಯಿಗಿಟ್ಟು ನಕ್ಕರು, ನಗಲಿ, ದೇವಾನಂದನ ಕೈ ಮಾತ್ರ ತಾನಾಗಿಯೇ ಎದೆಯ ಕಿಸೆಗೆ ಹೋಗಿ ದಾರಕ್ಕೆ ತಾಗಿ ಹಿಂದೆ ಬಂತು, ಬೆಳಗಿನಿಂದ ಏಳನೇ ಸಲ, ಆ ಕೈಯನ್ನು ನಂಬಲಾಗದೆಂದೇ ಅಲ್ಲವೇ ಹೊಲಿಸಿದ್ದು, ಮೂರೂ ಅಂಗಿ, ಎರಡೂ ಪ್ಯಾಂಟು, ಮಾಯಕ್ಕ ದಾರ ಹಲ್ಲಿನಿಂದ ಕಡಿಯುತ್ತ ಕೇಳಿದ್ದಳು, ಬಸ್ಸಿನ ಚಿಲ್ರೆ ಎಲ್ಲಿಡ್ತೀಯೋ ತಮ್ಮಾ, ಮುಷ್ಟಿಯಾಗ ಹಿಡ್ಕೋತೀನಕ್ಕಾ, ಮುಷ್ಟಿ ತುಂಬಿದ್ರ ತಂಬಾಕ ತಿಕ್ಕಾಕ ಬರಂಗಿಲ್ಲ, ಅವಳು ನಗಲಿಲ್ಲ, ಇನ್ನೊಂದು ಸುತ್ತು ಹೊಲಿಗೆ ಹಾಕಿದಳು, ಮನಸ್ಸು ಗಟ್ಟಿ ಮಾಡು ಅನ್ನುತ್ತಾರೆ ಎಲ್ಲರೂ, ನಾಲ್ಕು ಸಲ ಮಾಡಿದ್ದಾಯಿತು, ನಾಲ್ಕು ಸಲವೂ ಮಧ್ಯಾಹ್ನದೊಳಗೆ ಕರಗಿಹೋಯಿತು, ಮನಸ್ಸೇನು ಸಿಮೆಂಟೇ, ಅವನಿಗೆ ಬರುವುದು ಗೋಡೆ ಕಟ್ಟುವುದು, ಚಟಕ್ಕೂ ಅಡ್ಡಗೋಡೆ ಕಟ್ಟಿದ, ತಾನಿರುವ ಶೆಡ್ಡಿನ ಬಾಗಿಲ ಪಕ್ಕದ ಗೂಡಿನಲ್ಲಿ ತಂಬಾಕಿನ ಡಬ್ಬಿ ಇರುತ್ತಿತ್ತು, ಈಗ ಅಲ್ಲಿ ಕನ್ನಡಿ, ಹೊರಡುವಾಗ ಕೈ ಅತ್ತ ಹೋದರೆ ತನ್ನದೇ ಬಾಯಿ ಕಾಣುತ್ತದೆ, ತೆರೆದು ಬೆರಳು ಹಾಕಿ ನೋಡುತ್ತಾನೆ, ಎರಡೇ ಹೋಗುತ್ತವೆ, ಮೂರು ಹೋಗಬೇಕಿತ್ತು ಎಂದಿದ್ದಳು ಸರಕಾರಿ ದವಾಖಾನೆಯ ಡಾಕ್ಟರಬಾಯಿ, ಬಿಡದಿದ್ದರೆ ಮುಂದಿನದು ಕ್ಯಾನ್ಸರು ಎಂದು ಮರಾಠಿಯಲ್ಲಿ ಮೆಲ್ಲಗೆ, ಇಪ್ಪತ್ತೆರಡು ವಯಸ್ಸಿಗೆ, ಪಾನ್ ಅಂಗಡಿ ಕಣ್ಣಿಗೆ ಬೀಳದಿರಲೆಂದು ಬಸ್ ಡಿಪೋದ ಹಿಂದಿನಿಂದ ಸುತ್ತಿ ಬರುತ್ತಾನೆ, ಸುತ್ತಲಿ, ಬಿಟ್ಟು ಇಪ್ಪತ್ತಾರು ದಿನವಾಯಿತು, ನಗುವ ಇವರಲ್ಲಿ ಒಬ್ಬನಾದರೂ ಎರಡು ದಿನ ಬಿಟ್ಟು ತೋರಿಸಲಿ — ಗುರಣ್ಣ ತಿಕ್ಕತೊಡಗಿದ, ತಂಬಾಕು, ಸುಣ್ಣ, ಹೆಬ್ಬೆರಳು, ಮೇಲೆರಡು ಚಪ್ಪಾಳೆ, ಘಾಟು ಮೂಗಿಗೆ ಬಡಿದು ಬಾಯಲ್ಲಿ ನೀರು, ಥೂ, ಮುಕಾದಮ ಅಂಗೈ ಚಾಚಿದರೆ ಬೇಡವೆನ್ನುವಂತಿಲ್ಲ, ಚಿಟಿಕೆ ತೆಗೆದುಕೊಂಡವನೇ ಕೆಲಸಕ್ಕೆ ಒಯ್ಯುವ ಗಾಡಿ ಹತ್ತಬೇಕು, ಅವನ ಗುಂಪಿನ, ಟೋಳಿಯ ರೀತಿ ಅದು, ಇವನನ್ನು ಏಳನೆಯ ತರಗತಿ ಬಿಡಿಸಿ ಯಾದಗಿರಿಯಿಂದ ಕರೆತಂದ ವಾರವೇ ಸ್ಲ್ಯಾಬಿನ ಮೇಲೆ ಇದೇ ಅಂಗೈ ಚಾಚಿತ್ತಲ್ಲ, ತಗೋಲೇ, ಹಸಿವು ಗೊತ್ತಾಗಂಗಿಲ್ಲ, ಆಗ ಇದ್ದದ್ದು ಹನ್ನೆರಡು ವರ್ಷದ ಬಾಯಿ, ಅಗಲವಾಗಿ ತೆರೆಯುತ್ತಿದ್ದ ಬಾಯಿ, ಆ ದಿನ ಯಾರೂ ನಕ್ಕಿರಲಿಲ್ಲ, ಈಗ ಮತ್ತೆ ಚಾಚಿತು, ತಗೋ ದೇವ್ಯಾ, ಇಲ್ಲಾಂದ್ರ ನಾಳಿಂದ ನನ್ನ ಟೋಳಿಗೆ ಬರಬ್ಯಾಡ, ನಗು ನಿಂತಿತು, ಅಂಗೈ ಮೂಗಿನ ಹತ್ತಿರ, ನಡುವೆ ಕಪ್ಪು ಪುಡಿ, ದೇವಾನಂದ ಕರಣೆಯ ಚೀಲ ಹೆಗಲಿಗೇರಿಸಿದ, ತಿರುಗಿದ, ಗಾಡಿ ದಾಟಿದ, ಮುಂದಿನ ಮುಕಾದಮ ಯಾರೋ, ಕೂಲಿ ಎಲ್ಲಿಯೋ, ಬೆನ್ನ ಹಿಂದೆ ಯಾರೋ ಕೂಗಿದರು, ನಡೆದ, ಹಿಂದೆ ಇನ್ನೂ ಚಾಚಿಯೇ ಇರಬೇಕು ಆ ಅಂಗೈ, ಅಂಗೈ —