ಅಂಜೂರದ ಮರದಡಿಯ ಮೂಲೆ

ಎರ್ಸಿಲಿಯಾ ಟಂಬುರ್ರೊ ತಲೆಯೆತ್ತಿ ನಡೆದದ್ದನ್ನು ನಮ್ಮೂರಿನಲ್ಲಿ ಕಂಡವರಿಲ್ಲ. ಚೌಕದಲ್ಲಾಗಲಿ, ಇಗರ್ಜಿಯ ಮೆಟ್ಟಿಲಲ್ಲಾಗಲಿ, ಸ್ವಂತ ತಂಗಿಯ ಮದುವೆಯ ದಿಬ್ಬಣದಲ್ಲಾಗಲಿ ಅವರ ದೃಷ್ಟಿ ನೆಲವನ್ನು ಬಿಟ್ಟು ಮೇಲೇಳುತ್ತಿರಲಿಲ್ಲ. ಎದುರಾದವರನ್ನು ಪಾದರಕ್ಷೆಯಿಂದಲೇ ಗುರುತಿಸಿ, "ಏನಯ್ಯಾ ಮೇಸ್ತ್ರಿ, ಹಿಮ್ಮಡಿ ಸವೆದುಹೋಗಿದೆಯಲ್ಲೋ" ಎಂದು ಕುಶಲ ಕೇಳುತ್ತಿದ್ದರು. ಆಗಸ್ಟಿನ ಉರಿಬಿಸಿಲಲ್ಲೂ ಮೈಮೇಲೆ ಅದೇ ಕಂದು ಕೋಟು. ಎಡಜೇಬಿನಲ್ಲಿ ಕರಣೆ, ಬಲಜೇಬಿನಲ್ಲಿ ರೊಟ್ಟಿ, ಗಿಣ್ಣು. ಮಣ್ಣು ಎರಡಕ್ಕೂ ಸಮನಾಗಿ ಮೆತ್ತಿರುತ್ತಿತ್ತು.

ಮೊಲೀಸೆ ಸೀಮೆಯ ಬೆಟ್ಟಗಳ ನಡುವೆ ಹೂತುಹೋದ ನಮ್ಮ ಪುಟ್ಟ ರೋಮನ್ ಪಟ್ಟಣದ ಉತ್ಖನನಕ್ಕೆ ಅವರು ತಾರುಣ್ಯದಲ್ಲೇ, ಡಾಕ್ಟರೇಟ್ ಮುಗಿಸಿ, ಮುಖ್ಯಸ್ಥೆಯಾಗಿ ಬಂದವರು. ನಾನು ಅವರ ಕೈಕೆಳಗೆ ಮಡಕೆ ಚೂರುಗಳ ಚಿತ್ರ ಬರೆಯುತ್ತಿದ್ದವನು. ಅಗೆತವನ್ನು ಪ್ರೀತಿಸಿದಷ್ಟೇ ಅದಕ್ಕೆ ಅಂಜುತ್ತಿದ್ದರು. "ಒಂದು ಪದರ ತೆಗೆದ್ರೆ ತೆಗೆದ ಹಾಗೇ. ಮತ್ತೆ ಹಾಸೋಕೆ ಇದೇನು ಹಾಸಿಗೆಯೇ?" ಎನ್ನುವರು. ಆದ್ದರಿಂದಲೇ ಪುರಾತನ ರೊಟ್ಟಿಯಂಗಡಿಯ ಹಿಂದೆ, ಅಂಜೂರದ ಮರದಡಿಯ ಮೂಲೆಯೊಂದನ್ನು, ತಮಗಿಂತ ಬಲ್ಲವರು ಮುಂದೆ ಬಂದಾರೆಂಬ ನಂಬಿಕೆಯಿಂದ, ಮೇಲಧಿಕಾರಿಗಳ ಗದರಿಕೆಗೂ ಜಗ್ಗದೆ, ಯಾರಿಗೂ ಮುಟ್ಟಗೊಡದೆ ಕಾಯ್ದಿಟ್ಟರು.

"ಡಾಕ್ಟ್ರಮ್ಮ ಆ ಮೂಲೇಲಿ ಗಂಡನ್ನ ಹೂತಿಟ್ಟಿದಾರೆ" ಎಂದು ಮೇಸ್ತ್ರಿ ನಿಕಾಂದ್ರೊ ಛೇಡಿಸುತ್ತಿದ್ದ.

"ಗಂಡ ಆಗಿದ್ರೆ ಎಂದೋ ಅಗೆದು ಬಿಸಾಡ್ತಿದ್ದೆ, ಕೆಲಸ ನೋಡು" ಎನ್ನುತ್ತಿದ್ದರು, ಮದುವೆಯನ್ನೇ ಆಗದ ಅವರು.

ನಿವೃತ್ತಿಯ ವರ್ಷ ಆ ವ್ರತ ಮುರಿಯಿತು. "ಯಾರೂ ಮುಟ್ಟದ ನೆಲ ಹೇಗಿರತ್ತೆ ಅಂತ ಒಂದೇ ಒಂದ್ಸಲ ನೋಡಿಬಿಡ್ತೀನಿ ಕಣಯ್ಯಾ" ಎಂದು ನನ್ನೆದುರು, ಅಪ್ಪಣೆ ಕೇಳುವವರಂತೆ, ಹೇಳಿದರು. ನನಗೆ ಅಯ್ಯೋ ಎನಿಸಿತು.

ಅಗೆದ ಗುಂಡಿಯನ್ನು ಮುಚ್ಚುವ ಮುನ್ನ ತಳದಲ್ಲಿ ಆ ವರ್ಷದ ನಾಣ್ಯವೊಂದನ್ನು ಇಟ್ಟುಬರುವುದು ನಮ್ಮ ಕಸುಬಿನ ಪದ್ಧತಿ. ಇಲ್ಲಿ ಈಗಾಗಲೇ ಅಗೆದಾಗಿದೆಯೆಂದು ಮುಂದಿನವರಿಗೆ ಅದು ಸೂಚನೆ. ಎದೆಯಾಳ ಇಳಿದಾಗ ನಿಕಾಂದ್ರೊನ ಕೈಗೆ ಸಿಕ್ಕಿದ್ದು ಅಂಥದೇ ನಾಣ್ಯ: ಎರಡನೆಯ ಮಹಾಯುದ್ಧಕ್ಕೂ ಮುಂಚಿನದು, ನಮ್ಮ ಕೊನೆಯ ರಾಜರ ಕಾಲದ್ದು. ಅದರ ಕೆಳಗೆ ಗುಡಿಸಿಟ್ಟಂತೆ ಬರಿಯ ಬಂಡೆ. ಯಾರೋ ಬಂದು, ಇದ್ದುದೆಲ್ಲವನ್ನೂ ಹೊತ್ತೊಯ್ದು, ಎಲ್ಲಿಯೂ ಒಂದಕ್ಷರ ಬರೆಯದೆ ಮುಚ್ಚಿಹೋಗಿದ್ದರು. ಎರ್ಸಿಲಿಯಾ ಆಯುಷ್ಯವಿಡೀ ಕಾದದ್ದು ಆ ಅಪರಿಚಿತರು ತುಂಬಿಹೋದ ಮಣ್ಣನ್ನು.

ಅಂದು ಅವರು ತಲೆಯೆತ್ತಿದರು. ಅವರ ಕಣ್ಣುಗಳು ಬೂದುಬಣ್ಣದವೆಂದು ನನಗೆ ತಿಳಿದದ್ದು ಆಗಲೇ.

"ಎಸೆದುಬಿಡ್ತೀನಿ ಡಾಕ್ಟ್ರಮ್ಮಾ, ಯಾರಿಗೂ ಹೇಳೋದು ಬೇಡ" ಎಂದ ನಿಕಾಂದ್ರೊ, ನಾಣ್ಯವನ್ನು ಮುಷ್ಟಿಯಲ್ಲಿ ಮುಚ್ಚಿ.

"ಬೇಡ. ಇದ್ದಲ್ಲೇ ಇಡು. ನಾನು ಕಾದಿದ್ದು ಸಾಕು, ಇನ್ನೊಬ್ಬಳು ಕಾಯೋದು ಬೇಡ."

ಅದರ ಪಕ್ಕದಲ್ಲೇ ತಮ್ಮದೊಂದು ನಾಣ್ಯವಿಟ್ಟು, ಮೊದಲ ಸಲಿಕೆ ಮಣ್ಣನ್ನು ತಾವೇ ಎಳೆದರು.

ನೆಲವನ್ನು ಪ್ರೀತಿಸುವವರ ಹಣೆಬರಹವೇ ಇದು. ಮುಟ್ಟಿದರೆ ಪ್ರೀತಿಸಿದ್ದು ಕೆಡುತ್ತದೆ; ಮುಟ್ಟದೆ ಕಾದರೆ, ಕಾದದ್ದು ಎಂದೋ ಬರಿದಾಗಿರುತ್ತದೆ. ಕೊನೆಗೆ ಅವರ ಕೈಯಲ್ಲುಳಿಯುವುದು ಒಂದೇ ಔದಾರ್ಯ: ಇಲ್ಲಿ ಏನೂ ಇಲ್ಲವೆಂದು ಮುಂದೆ ಬರುವವರಿಗೆ ನಿಜ ಹೇಳಿಹೋಗುವುದು.